ಒಬ್ಬ ಕ್ಲೇಟನ್ನಿಗೆ ಮೂರು ಮನೆ

ಎಲ್ಲಕ್ಕೂ ಮೂಲ ಒಂದು ಹಳದಿ ಏಪ್ರನ್ನು.

ಇಂಡಿಯಾನಾದ ಎಲ್ಕ್ ಫೋರ್ಕ್ ಊರಿನಲ್ಲಿ ಚರ್ಚುಗಳ ನಡುವೆ ಬ್ಯಾಸ್ಕೆಟ್‌ಬಾಲ್ ಪಂದ್ಯ ಶುರುವಾದಾಗಿನಿಂದ ಒಂದು ಕಟ್ಟಳೆ ಇದೆ. ಫೈನಲ್ ಮುಗಿದ ರಾತ್ರಿ ಗೆದ್ದ ಚರ್ಚು ಊಟ ಹಾಕಬೇಕು, ಸೋತ ಚರ್ಚು ತಟ್ಟೆ ತೊಳೆಯಬೇಕು. ಸೋತವರ ಪರವಾಗಿ ತೊಟ್ಟಿಯ ಮುಂದೆ ನಿಲ್ಲುವವನು ಆ ಹಳದಿ ಏಪ್ರನ್ ಕಟ್ಟಿಕೊಳ್ಳಬೇಕು. ಅವನ ಹೆಸರನ್ನೂ ಇಸವಿಯನ್ನೂ ಅದರ ಮೇಲೆ ಕೆಂಪು ದಾರದಲ್ಲಿ ಹೊಲಿಯಬೇಕು. ಯಾರು ನಿಲ್ಲಬೇಕೆಂಬುದು ಆಯಾ ಚರ್ಚಿನ ಪದ್ಧತಿಗೆ ಬಿಟ್ಟದ್ದು. ಲೂಥರನ್ ಪಂಗಡದವರಲ್ಲಿ ತಂಡದ ಕೋಚ್ ನಿಲ್ಲುತ್ತಾನೆ. ಮೆಥಡಿಸ್ಟರಲ್ಲಿ ಯಾರು ನಿಲ್ಲುತ್ತಾರೆಂಬುದು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ. ಅವರು ಸೋತು ಅಷ್ಟು ಕಾಲವಾಗಿತ್ತು.

ಹಳೆಯ ಏಪ್ರನ್ ಸವೆದ ಮೇಲೆ ಹೊಲಿಸಿದ ಈಗಿನದರ ಮೇಲೆ ೧೯೭೬ರಿಂದ ೧೯೮೬ರವರೆಗೆ ಒಂದರ ಕೆಳಗೊಂದು ಹನ್ನೊಂದು ಸಾಲು. ಹನ್ನೊಂದರಲ್ಲೂ ಹೆಸರು ಒಂದೇ: ವೆಂಡಲ್ ಸ್ಟಕಿ.

ವೆಂಡಲ್ ಊರಿನ ನೀರಿನ ಮೀಟರ್ ಓದುವವನು. ಎಲ್ಕ್ ಫೋರ್ಕಿನ ಪ್ರತಿ ಮನೆಯ ನೆಲಮಾಳಿಗೆಯೂ ಅವನಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಯ. ಅದರ ಮೇಲಿನ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂಬುದು ಮಾತ್ರ ಏನೇನೂ ತಿಳಿಯದು. ವರ್ಷದಲ್ಲಿ ಒಂಬತ್ತು ತಿಂಗಳು ಜನ ಅವನನ್ನು 'ಮೀಟರ್' ಎಂದು ಕರೆಯುತ್ತಿದ್ದರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ, ಲೂಥರನ್ ತಂಡ ಅವನ ಕೈಯಲ್ಲಿದ್ದಾಗ, 'ಕೋಚ್' ಎನ್ನುತ್ತಿದ್ದರು. ಆ ಮೂರು ತಿಂಗಳಿಗಾಗಿಯೇ ಅವನು ಉಳಿದ ಒಂಬತ್ತು ತಿಂಗಳು ಬದುಕಿರುತ್ತಿದ್ದ ಎಂದರೆ ಸುಳ್ಳಾಗಲಾರದು.

ಆ ಶನಿವಾರ, ಫೈನಲ್ ದಿನ, ಬೆಳಿಗ್ಗೆ ಏಳಕ್ಕೆ ಅವನು ಮುಖ್ಯಬೀದಿಯ ಹೋಟೆಲಿನಲ್ಲಿ ಮೊಟ್ಟೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಹೆಂಡತಿಯ ತಮ್ಮ ಲೈಲ್ ಬಂದು ಎದುರಿಗೆ ಕುಕ್ಕರಿಸಿದ. ಲೈಲ್ ಟ್ರ್ಯಾಕ್ಟರ್ ಮಾರುವವನು. ಅವನು ನಕ್ಕರೆ ಎದುರಿನವರ ಕೈ ತಾನಾಗಿ ಜೇಬನ್ನು ಮುಚ್ಚಿಕೊಳ್ಳುತ್ತಿತ್ತು.

"ಏನ್ ಭಾವ, ಏಪ್ರನ್ನಲ್ಲಿ ಇನ್ನೊಂದು ಸಾಲಿಗೆ ಜಾಗ ಉಂಟಾ, ಇಲ್ಲಾ ಕೆಳಗೆ ಬಟ್ಟೆ ಜೋಡಿಸ್ಬೇಕಾ?"

ಅಕ್ಕಪಕ್ಕದ ಮೇಜುಗಳು ಕಿಸಕ್ಕೆಂದವು.

"ಮೊಟ್ಟೆ ತಿನ್ನೋಕೆ ಬಿಡು, ಲೈಲ್."

"ತಿನ್ನು ತಿನ್ನು. ಒಂದು ವಿಷಯ ಹೇಳ್ಬಿಟ್ಟು ಹೋಗ್ತೀನಿ. ನಿನ್ನೆ ಚರ್ಚಿನ ಸಮಿತಿ ಸೇರಿತ್ತು. ಇವತ್ತೂ ಸೋತ್ರೆ ಮುಂದಿನ ವರ್ಷದಿಂದ ತಂಡ ನನ್ನ ಕೈಗಂತೆ. ನಿಂಗೆ ನೆಲಮಾಳಿಗೆ ನೀರು ಎತ್ತೋ ಪಂಪಿನ ಉಸ್ತುವಾರಿ ಕೊಡ್ತಾರಂತೆ. ನಿಂಗೆ ನೆಲಮಾಳಿಗೆ ಅಂದ್ರೆ ಒಗ್ಗಿದ್ದೇ ಅಲ್ವಾ ಭಾವ!"

ವೆಂಡಲ್‌ನ ಫೋರ್ಕು ಗಾಳಿಯಲ್ಲೇ ನಿಂತಿತು. ಅದರಿಂದ ಜಾರಿದ ಮೊಟ್ಟೆ ಮಡಿಲಿಗೆ ಬಿತ್ತು. "ಆ ಕ್ಲೇಟನ್ ಒಬ್ಬ ನಮ್ಮ ಕಡೆ ಇದ್ದಿದ್ರೆ," ಎಂದ, ಹೋಟೆಲಿಗೆಲ್ಲ ಕೇಳುವ ಹಾಗೆ, "ಅವನೊಬ್ಬನಿಗೆ ನಾನು ಏನು ಬೇಕಾದ್ರೂ ಕೊಡ್ತಿದ್ದೆ!"

ಮಾತಾಡುವಾಗ ಅವನು ಮೂಲೆಯ ಮೇಜಿನ ಕಡೆ ನೋಡಿರಲಿಲ್ಲ. ತಪ್ಪಾದದ್ದು ಅಲ್ಲೇ.

ಮೂಲೆಯಲ್ಲಿ ಆರ್ಡಿತ್ ಪೆನ್ರೋಡ್ ಕಾಫಿಗೆ ಸಕ್ಕರೆ ಕದಡುತ್ತ ಕೂತಿದ್ದಳು. ಎಪ್ಪತ್ತೊಂದು ವರ್ಷ, ಬಿಳಿ ತಲೆ, ಸ್ವೆಟರಿನ ತೋಳಿನಲ್ಲಿ ಸಿಕ್ಕಿಸಿದ ಕರವಸ್ತ್ರ. ಮೂವತ್ತೊಂದು ವರ್ಷ ಊರಿನ ಪೋಸ್ಟಾಫೀಸು ನಡೆಸಿದವಳು. ಲಕೋಟೆ ಒಡೆಯದೆಯೇ ಒಳಗೇನಿದೆ ಎಂದು ತಿಳಿಯುವ ವಿದ್ಯೆ ಆಕೆಗೆ ನಿವೃತ್ತಿಯ ನಂತರವೂ ಉಳಿದಿತ್ತು. ಮೆಥಡಿಸ್ಟ್ ತಂಡದ ಕೋಚ್ ಆಕೆಯೇ. ಪಂದ್ಯಾವಳಿಯ ಕಾರ್ಯದರ್ಶಿಯೂ ಆಕೆಯೇ, ಬೇರೆ ಯಾರಿಗೂ ಟೈಪ್ ಮಾಡಲು ಬರುತ್ತಿರಲಿಲ್ಲವಾದ್ದರಿಂದ.

"ಕ್ಲೇಟನ್ ಬೇಕೇನಪ್ಪಾ ವೆಂಡಲ್?" ಎಂದಳು ಆರ್ಡಿತ್, ಉಪ್ಪಿನ ಡಬ್ಬಿ ಬೇಕೇ ಎಂದು ಕೇಳುವಂತೆ.

ಅಕ್ಕಪಕ್ಕದ ಕುರ್ಚಿಗಳು ಮೂಲೆಯತ್ತ ತಿರುಗಿದವು.

ಕ್ಲೇಟನ್ ಬೂಹರ್ ಆರಡಿ ಎಂಟಂಗುಲದ ಆಳು. ಧಾನ್ಯದ ಗೋದಾಮಿನಲ್ಲಿ ಕೆಲಸ. ಚೆಂಡು ಅವನ ಕೈಗೆ ಬಂದರೆ ಕರು ಕೊಟ್ಟಿಗೆ ಸೇರುವ ಹಾಗೆ ತಾನಾಗಿ ಬುಟ್ಟಿ ಸೇರುತ್ತಿತ್ತು. ಕಳೆದ ಐದು ಫೈನಲ್‌ಗಳಲ್ಲಿ ವೆಂಡಲ್‌ನನ್ನು ತೊಟ್ಟಿಯ ಮುಂದೆ ನಿಲ್ಲಿಸಿದವನು ಅವನೇ.

"ಕೊಡ್ತೀರಾ?" ಎಂದ ವೆಂಡಲ್.

"ನಿಯಮದಲ್ಲಿ ಉಂಟಲ್ಲ. ಫೈನಲ್ ದಿನ ಹನ್ನೆರಡು ಗಂಟೆಯೊಳಗೆ ಅದಲುಬದಲು ಮಾಡ್ಕೋಬಹುದು. ಬಾ, ಕೂತ್ಕೊ. ಮೊದಲು ಮಡಿಲಲ್ಲಿರೋ ಮೊಟ್ಟೆ ತೆಗಿ."

ನಿಯಮವೇನೆಂದರೆ, ಆಟಗಾರನ ಸದಸ್ಯತ್ವದ ಚೀಟಿ ಯಾವ ಚರ್ಚಿನಲ್ಲಿದೆಯೋ ಆ ಚರ್ಚಿನ ಪರವೇ ಅವನು ಆಡಬೇಕು. ಚೀಟಿ ವರ್ಗವಾದರೆ ಅವನ ಇಡೀ ಮನೆಯೇ ವರ್ಗವಾಗಬೇಕು, ಮುಂದಿನ ನವೆಂಬರಿನವರೆಗೆ. ಹಿಂದೊಮ್ಮೆ ಬ್ಯಾಪ್ಟಿಸ್ಟರು ಪಕ್ಕದ ಜಿಲ್ಲೆಯ ಉದ್ದುದ್ದ ನೆಂಟರನ್ನೆಲ್ಲ ಒಂದು ವಾರದ ಮಟ್ಟಿಗೆ ಎರವಲು ತಂದು ಆಡಿಸಿದ್ದರಿಂದ ಹುಟ್ಟಿದ ನಿಯಮ ಅದು. ಕಾಗದಕ್ಕೆ ಕೋಚ್ ಮತ್ತು ಪಾದ್ರಿ ಸಹಿ ಹಾಕಬೇಕು; ವರ್ಗವಾಗುವ ಮನೆಯವರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಕು. ಕ್ಲೇಟನ್ ಒಂಟಿ. ಅವನ ಮನೆ ಎಂದರೆ ಅವನು, ಅವನ ಮಂಚ, ಕಾಲು ಚಾಚಲು ಮಂಚದ ತುದಿಗೆ ಇಟ್ಟುಕೊಂಡ ಒಂದು ಸ್ಟೂಲು, ಅಷ್ಟೇ.

"ಹೋಫರ್ ಅವಳಿಗಳನ್ನ ಕೊಡು," ಎಂದಳು ಆರ್ಡಿತ್.

"ಇಬ್ಬರನ್ನೂನಾ?"

"ಅವಳಿ ಅಂದ್ರೆ ಇಬ್ಬರೇ ಅಲ್ವೇನಪ್ಪ."

ಪಕ್ಕದ ಮೇಜಿನ ಕ್ಷೌರಿಕ ಕಾಫಿಯೊಂದಿಗೆ ಇತ್ತ ತಿರುಗಿ ಕೂತ. "ಕೊಟ್ಬಿಡು ಮೀಟರ್. ಆ ಇಬ್ಬರು ಸೇರಿದ್ರೂ ಕ್ಲೇಟನ್‌ನ ಮೊಣಕಾಲಿಗೆ ಬರಲ್ಲ."

"ಆಮೇಲೆ ರೆಕ್ಸ್," ಎಂದಳು ಆರ್ಡಿತ್.

ವೆಂಡಲ್ ತನ್ನ ಕಿವಿಯನ್ನೇ ನಂಬಲಿಲ್ಲ. "ರೆಕ್ಸಾ? ಬೇರೆಯವರ ಮಗೂನ ಎತ್ಕೊಂಡ ಹಾಗೆ ಹಿಡೀತಾನೆ ಅವನು ಚೆಂಡನ್ನ. ಮೂರು ವರ್ಷದಲ್ಲಿ ಒಂದು ಸಲ ಬುಟ್ಟಿಗೆ ಹಾಕಿದಾನೆ, ಅದೂ ನಮ್ಮದೇ ಬುಟ್ಟಿಗೆ."

"ನಂಗೆ ಅವನ ಮುಖ ನೋಡಿದ್ರೆ ಪಾಪ ಅನ್ಸುತ್ತೆ."

"ತಗೊಳ್ಳಿ ತಗೊಳ್ಳಿ!" ವೆಂಡಲ್‌ಗೆ ಹುರುಪು ಬಂತು. ಈ ಮುದುಕಿಗೆ ವಯಸ್ಸಾಯಿತು ಎಂದು ಮನಸ್ಸಿನಲ್ಲೇ ಮರುಗಿದ.

"ಇನ್ನೊಂದು ಮನೆ. ನಿಮ್ಮ ಚರ್ಚಿನಲ್ಲಿ ಸಕ್ಕರೆ-ಕೆನೆ ಪೈ ಮಾಡ್ತಾರಲ್ಲ, ಆ ಮನೆ."

ಇಲ್ಲಿ ವೆಂಡಲ್ ಸಂತೋಷವನ್ನು ಮುಚ್ಚಿಕೊಳ್ಳಲು ಕಾಫಿ ಲೋಟದೊಳಗೆ ಮುಖ ಹುದುಗಿಸಬೇಕಾಯಿತು. ಲೂಥರನ್ನರ ಸಕ್ಕರೆ-ಕೆನೆ ಪೈ, ಹಿಟ್ಟಿನ ಬಟ್ಟಲಲ್ಲಿ ಕೆನೆ ತುಂಬಿ ಬೇಯಿಸುವ ಸಿಹಿ, ಮೂರು ಜಿಲ್ಲೆಗೆ ಹೆಸರಾದದ್ದು. ಅದನ್ನು ಮಾಡುವವಳು ಹಿಲ್ಡಾ ಗ್ರಾಬರ್ ಎಂಬುದು ಮಗುವಿಗೂ ಗೊತ್ತಿತ್ತು. ಎಂಬತ್ತನಾಲ್ಕರ ಈ ಒಂಟಿ ಮುದುಕಿ ಪ್ರತಿ ಪಂದ್ಯದಲ್ಲೂ ವೆಂಡಲ್‌ನ ಹಿಂದಿನ ಮೆಟ್ಟಿಲಿನಲ್ಲೇ ಕೂತು, ತಂಡ ತಪ್ಪಿದಾಗಲೆಲ್ಲ ಊರುಗೋಲಿನಿಂದ ಅವನ ಬೆನ್ನಿಗೆ ತಿವಿಯುತ್ತಿದ್ದಳು. ತಂಡ ಬಹಳ ತಪ್ಪುತ್ತಿತ್ತು. ಅವನ ಬೆನ್ನು ಹನ್ನೊಂದು ವರ್ಷದಿಂದ ಜರಡಿಯಾಗಿತ್ತು.

"ಅದು ದೊಡ್ಡ ನಷ್ಟ," ಎಂದ, ಆದಷ್ಟು ದುಃಖದ ದನಿಯಲ್ಲಿ. "ಆದ್ರೂ ಆಗಲಿ."

"ಕೊನೇದು. ಮುಂದಿನ ಮೂರು ವರ್ಷ ನಿಮ್ಮಲ್ಲಿ ಜ್ಞಾನಸ್ನಾನ ಆಗೋ ಕೂಸುಗಳಲ್ಲಿ, ವರ್ಷಕ್ಕೆ ಒಂದು. ಅತಿ ಉದ್ದದ್ದು."

"ಕೂಸಾ?"

"ಈಗಿನಿಂದ ನೋಡ್ಕೊಂಡ್ರೆ ತಾನೆ ಮುಂದಕ್ಕೆ ತಂಡ."

ಹೋಟೆಲು ಎರಡು ಪಕ್ಷವಾಯಿತು. ಕೂಸು ಕೊಡುವುದು ಅತಿಯಾಯಿತು ಎಂದಿತು ಒಂದು ಪಕ್ಷ. ಕೂಸಿಗೇನು, ಹುಟ್ಟುತ್ತಲೇ ಇರುತ್ತವೆ ಎಂದಿತು ಇನ್ನೊಂದು. "ಮೂರಕ್ಕೆ ಒಪ್ಪಬೇಡ, ಎರಡಕ್ಕೆ ಮುಗಿಸು," ಎಂದು ಕ್ಷೌರಿಕ ಪಿಸುಗುಟ್ಟಿದ. ವೆಂಡಲ್ ಮೇಜು ಗುದ್ದಿ ಎರಡೇ ವರ್ಷ ಎಂದ. ಆರ್ಡಿತ್ ನಿಟ್ಟುಸಿರು ಬಿಟ್ಟು ಒಪ್ಪಿದಳು. ತಾನು ಇಂಥ ವ್ಯಾಪಾರಿ ಎಂದು ವೆಂಡಲ್‌ಗೇ ಗೊತ್ತಿರಲಿಲ್ಲ. ಲೈಲ್‌ನ ಕಡೆ ನೋಡಿದ. ಲೈಲ್ ಬಾಯಿ ತೆರೆದುಕೊಂಡಿದ್ದ. ಆ ಒಂದು ನೋಟಕ್ಕೆ ನಾಲ್ಕು ಕೂಸು ಕೊಟ್ಟರೂ ಮೋಸವಿರಲಿಲ್ಲ.

ಹತ್ತು ನಿಮಿಷದಲ್ಲಿ ಆರ್ಡಿತ್ ಮನೆಗೆ ಹೋಗಿ ಕಾಗದ ಟೈಪ್ ಮಾಡಿಕೊಂಡು ಬಂದಳು. ವೆಂಡಲ್ ಸಹಿ ಹಾಕಿದ. ಓದಲಿಲ್ಲವೆಂದಲ್ಲ, ಎರಡು ಸಲ ಓದಿದ. 'ಕ್ಲೇಟನ್ ಬೂಹರ್' ಎಂಬುದನ್ನು.

ಲೂಥರನ್ ಚರ್ಚಿನಲ್ಲಿ ಪಾದ್ರಿ ಎಂಗಲ್ ಕನ್ನಡಕ ಏರಿಸಿ ಓದಿದರು. "ಕೂಸುಗಳನ್ನ ಕೊಟ್ಟೆಯೇನಯ್ಯಾ?"

"ಎರಡೇ, ಪಾದ್ರಿಗಳೇ. ಆಕೆ ಮೂರು ಕೇಳಿದ್ದು."

ಪಾದ್ರಿಗಳು ಕಿಟಕಿಯಾಚೆ ನೋಡಿದರು. ಅಲ್ಲಿ ಬೀದಿಯ ಆಚೆಗೆ ಮೆಥಡಿಸ್ಟ್ ಚರ್ಚಿನ ಗೋಪುರ ಕಾಣುತ್ತಿತ್ತು. ಹನ್ನೊಂದು ವರ್ಷ ಪ್ರತಿ ಫೈನಲ್ ಆದ ಮೇಲೆ ಅಲ್ಲಿನ ಪಾದ್ರಿ ಬಂದು ಹೆಗಲ ಮೇಲೆ ಕೈಯಿಟ್ಟು, "ಸೋಲಿನಲ್ಲೂ ದೇವರಿದ್ದಾನೆ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಪಾದ್ರಿ ಎಂಗಲ್ ಪೆನ್ನು ತೆಗೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದರು.

ಇನ್ನು ಮನೆಗಳ ಒಪ್ಪಿಗೆ. ಹೋಫರ್ ಅವಳಿಗಳ ಅಪ್ಪ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದವನು ಹಾಗೇ ಹೊರಗೆ ತೆವಳಿದ. ಅಳುತ್ತಾನೇನೋ ಎಂದು ವೆಂಡಲ್ ಕರವಸ್ತ್ರ ಹಿಡಿದು ನಿಂತಿದ್ದ.

"ಮೆಥಡಿಸ್ಟರಾ? ಅವರ ಬೆಂಚಿಗೆ ದಿಂಬು ಹೊಲಿದಿದಾರಂತೆ, ನಿಜಾನಾ?"

"ಇರಬಹುದು."

"ಮತ್ತೆ ತಡ ಯಾಕೆ? ಟ್ರ್ಯಾಕ್ಟರೂ ತಗೊಂಡೇ ಹೋಗ್ತೀನಿ." ಚಳಿಗಾಲದಲ್ಲಿ ಲೂಥರನ್ ಚರ್ಚಿನ ಅಂಗಳದ ಹಿಮ ತಳ್ಳುತ್ತಿದ್ದದ್ದು ಆ ಟ್ರ್ಯಾಕ್ಟರೇ ಎಂಬುದು ವೆಂಡಲ್‌ಗೆ ಆಗ ನೆನಪಾಯಿತು.

ರೆಕ್ಸ್‌ನ ಮನೆಯಲ್ಲಿ ನಿಜಕ್ಕೂ ಅಳು ಕೇಳಿಸಿತು. ಅತ್ತವಳು ರೆಕ್ಸ್‌ನ ಹೆಂಡತಿ ಜೋನೆಲ್. ಅವಳು ಲೂಥರನ್ ಚರ್ಚಿನ ಆರ್ಗನ್ ನುಡಿಸುವವಳು. "ಅಲ್ಲಿ ಆರ್ಗನ್‌ನಲ್ಲಿ ಎಲ್ಲಾ ಕೀಲೀನೂ ಕೆಲಸ ಮಾಡ್ತವೆ ವೆಂಡಲ್," ಎಂದು ಬಿಕ್ಕಿದಳು. "ಎಲ್ಲಾ ಕೀಲೀನೂ!" ಆನಂದಬಾಷ್ಪ ಎಂದರೆ ಏನೆಂದು ವೆಂಡಲ್ ಮೊದಲ ಸಲ ಕಣ್ಣಾರೆ ಕಂಡ. ಅವನಿಗೆ ಸ್ವಲ್ಪ ನೋವೇ ಆಯಿತು. ಒಬ್ಬರಾದರೂ ಸೌಜನ್ಯಕ್ಕಾದರೂ ಬೇಡ ಎನ್ನಬಹುದಿತ್ತು.

ಹಿಲ್ಡಾಳ ಮನೆಗೆ ಹೋಗುವಾಗ ಮಾತ್ರ ಅವನ ಹೆಜ್ಜೆ ಕುಣಿಯುತ್ತಿತ್ತು. ಮುದುಕಿ ಕಂಬಳಿ ಹೊದ್ದು ಕೂತಿದ್ದಳು. ಮನೆ ತುಂಬ ಜಾಯಿಕಾಯಿಯ ವಾಸನೆ. ಮೇಜಿನ ಮೇಲೆ ಹದಿನಾಲ್ಕು ಪೈ ಸಾಲಾಗಿ ಕೂತಿದ್ದವು. ವೆಂಡಲ್ ಸುದ್ದಿಯನ್ನು ಸಾವಿನ ಸುದ್ದಿ ಹೇಳುವ ಹಾಗೆ ಟೋಪಿ ಕೈಯಲ್ಲಿ ಹಿಡಿದು ಹೇಳಿದ.

"ಪೈ ಮಾಡೋರ ಮನೇನ ಕೊಟ್ಟೆಯಾ?" ಹಿಲ್ಡಾಳ ಸುಕ್ಕುಮುಖದಲ್ಲಿ ಏನೋ ಆಡಿತು. "ಹೂಂ. ಪೈ ಮಾಡೋರು ಒಪ್ಪಿದ್ರೆ ನಂದೇನು ಅಡ್ಡಿ ಇಲ್ಲ."

"ಹಾಗಾದ್ರೆ ಒಪ್ಪಿಗೆ ಅಂತ ತಿಳ್ಕೊಳ್ಲಾ?"

"ನಿಂಗೆ ಯಾವತ್ತು ಏನು ತಿಳಿದಿದೆ ಹೇಳು," ಎಂದು ಮುದುಕಿ ಊರುಗೋಲಿನಿಂದ ಅವನ ಮಂಡಿಗೆ ಒಂದು ತಿವಿದಳು. ಇದು ಕೊನೆಯದು ಎಂದು ವೆಂಡಲ್ ಪ್ರೀತಿಯಿಂದಲೇ ಸಹಿಸಿಕೊಂಡ.

ಮನೆಗೆ ಬಂದಾಗ ಹನ್ನೊಂದೂವರೆ. ಸಾಕ್ಸ್ ಒದ್ದೆಯಾಗಿತ್ತು. ಹೆಂಡತಿ ಮಾರ್ವಾ ಒಣಗಿದ್ದು ತಂದುಕೊಟ್ಟಳು. ಅವಳು ಮಾತು ಕಮ್ಮಿ. ಪ್ರತಿ ಶುಕ್ರವಾರ ಸಂಜೆ, ವೆಂಡಲ್ ತಂಡಕ್ಕೆ ಅಭ್ಯಾಸ ಮಾಡಿಸಲು ಹೋದಾಗ, ಅವಳು ಹಿಲ್ಡಾಗೆ ಪತ್ರಿಕೆ ಓದಿ ಹೇಳಲು ಹೋಗುತ್ತಿದ್ದಳು. ಬರುವಾಗ ಮೈಯೆಲ್ಲ ಜಾಯಿಕಾಯಿ ವಾಸನೆ. ಮುದುಕಿಯ ಮಂಡಿಗೆ ಹಚ್ಚುವ ಮುಲಾಮು ಇರಬೇಕೆಂದು ವೆಂಡಲ್ ಅಂದುಕೊಂಡಿದ್ದ.

ಅವನು ಬೆಳಗಿನ ಕತೆಯನ್ನೆಲ್ಲ ಉಬ್ಬುಬ್ಬಿ ಹೇಳಿದ. ಪೈ ಮಾಡುವವರ ವಿಷಯಕ್ಕೆ ಬಂದಾಗ ಮಾರ್ವಾ ಕೈಯಲ್ಲಿದ್ದ ಒದ್ದೆ ಸಾಕ್ಸನ್ನು ಹಿಂಡುವುದು ನಿಲ್ಲಿಸಿದಳು.

"ಕಾಗದದಲ್ಲಿ ಹೆಸರು ಬರೆದಿದಾರಾ?"

"ಹೆಸರು ಯಾಕೆ? ಯಾರು ಅಂತ ಊರಿಗೆಲ್ಲ ಗೊತ್ತಲ್ಲ."

"ಹಿಲ್ಡಾನ ಕಳ್ಸಿದೀನಿ ಅಂತ ಇಷ್ಟು ಖುಷಿನಾ ನಿಂಗೆ?"

"ಖುಷಿ ಅಂತಲ್ಲ ಕಣೇ. ಬೆನ್ನಿಗೆ ಸ್ವಲ್ಪ ಆರಾಮ."

ಮಾರ್ವಾ ಅವನನ್ನು ಒಂದು ಗಳಿಗೆ ನೋಡಿದಳು. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದ ನೋಟವೇ ಅದು, ಆದರೆ ಕೊನೆಯಲ್ಲಿ ಒಂದು ಸಣ್ಣ ನಗು ಇತ್ತು. "ಸಾಕ್ಸ್ ಹಾಕ್ಕೊ. ಹನ್ನೆರಡರ ಒಳಗೆ ನಂಗೊಂದು ಫೋನ್ ಮಾಡೋದಿದೆ," ಎಂದು ಒಳಗೆ ಹೋದಳು.

ಮಧ್ಯಾಹ್ನ ಒಂದಕ್ಕೆ ಹಳೆಯ ಹಿಮದ ಮೇಲೆ ಮತ್ತೆ ಜೋರಾಗಿ ಹಿಮ ಬೀಳತೊಡಗಿತು. ಎರಡಕ್ಕೆ ಪಾದ್ರಿಗಳ ಫೋನು. "ವೆಂಡಲ್, ಅಂಗಳದಲ್ಲಿ ಮೊಣಕಾಲುದ್ದ ಹಿಮ. ಗೆದ್ರೆ ಊಟ ಇಲ್ಲೇ ತಾನೆ? ಜನ ಬರೋದು ಹೇಗಯ್ಯಾ?"

ಚರ್ಚಿಗೆ ಹೋಗಿ ನೋಡಿದರೆ, ಬೀದಿಯ ಆಚೆ ಹೋಫರನ ಟ್ರ್ಯಾಕ್ಟರು ಮೆಥಡಿಸ್ಟರ ಅಂಗಳವನ್ನು ರೊಟ್ಟಿ ಹಂಚಿನ ಹಾಗೆ ನುಣ್ಣಗೆ ಮಾಡಿ, ತಳ್ಳಿದ ಹಿಮವನ್ನೆಲ್ಲ ಬೀದಿಯ ಈಚೆಗೆ, ಲೂಥರನ್ನರ ಬಾಗಿಲಿಗೆ, ಗುಡ್ಡೆ ಹಾಕುತ್ತಿತ್ತು. ಹೋಫರ್ ಕೈಬೀಸಿ, "ದಿಂಬು ನಿಜ ಕಣೋ!" ಎಂದು ಕೂಗಿದ.

ವೆಂಡಲ್ ಸಲಿಕೆ ಹಿಡಿದ. ಮೂರು ಗಂಟೆ ಎತ್ತಿದ. ಎತ್ತುತ್ತಿದ್ದಾಗ ಒಳಗಿನಿಂದ ಹಸು ಈಯುವಾಗಿನಂಥ ಒಂದು ಸದ್ದು ಬಂತು. ನಾಳಿನ ಪ್ರಾರ್ಥನೆಗೆ ಆರ್ಗನ್ ನುಡಿಸಲು ಯಾರೂ ಇಲ್ಲವೆಂದು ಲೈಲ್ ಅಕಾರ್ಡಿಯನ್ ತಂದು ಅಭ್ಯಾಸ ಮಾಡುತ್ತಿದ್ದ. ಹಾಡುವ ಹೆಂಗಸರು ಒಬ್ಬೊಬ್ಬರಾಗಿ ಹೊರಬಂದು, ಸಲಿಕೆ ಹಿಡಿದ ವೆಂಡಲ್‌ನ ಮುಂದೆ ನಿಂತು, ಒಂದೊಂದು ಸಲ ದೃಷ್ಟಿಸಿ ಮನೆಗೆ ಹೋದರು. ಎಂಟು ತಿಂಗಳ ಬಸುರಿಯೊಬ್ಬಳು ಮಾತ್ರ ನಿಂತು ಕೇಳಿದಳು:

"ನನ್ನ ಗಂಡ ಆರಡಿ ಮೂರಂಗುಲ. ನಾನು ಈಗಲೇ ಭಯಪಡಬೇಕಾ, ಹುಟ್ಟಿದ ಮೇಲೆ ಪಡಬೇಕಾ?"

"ಗೆದ್ರೆ ಎಲ್ಲಾ ಸರಿಯಾಗುತ್ತಮ್ಮ," ಎಂದ ವೆಂಡಲ್. ಬೆನ್ನು ಬಿಲ್ಲಾಗಿತ್ತು. ಗೆದ್ದರೆ ತಂಡ ತನ್ನದು. ಗೆದ್ದರೆ ಏಪ್ರನ್ ಬೇರೆ ಯಾರದೋ ಸೊಂಟಕ್ಕೆ. ಅಷ್ಟನ್ನೇ ಜಪಿಸುತ್ತ ಹಿಮ ಎತ್ತಿದ.

ಸಂಜೆ ಆರಕ್ಕೆ ಹೈಸ್ಕೂಲಿನ ಒಳಾಂಗಣ ತುಂಬಿ ತುಳುಕುತ್ತಿತ್ತು. ಎಂಟು ಜನರ ತಂಡದಲ್ಲಿ ಮೂವರನ್ನು ಕೊಟ್ಟು ಒಬ್ಬನನ್ನು ತಂದಿದ್ದರಿಂದ ಲೂಥರನ್ನರ ಬಳಿ ಉಳಿದವರು ಆರು. ಅವರಲ್ಲಿ ಒಬ್ಬ ಜ್ವರ ಬಂದು ಮಲಗಿದ್ದ. ಐವರಲ್ಲಿ ಯಾರಿಗೆ ಸೀನು ಬಂದರೂ ವೆಂಡಲ್‌ನ ಎದೆ ಧಸಕ್ಕೆನ್ನುತ್ತಿತ್ತು.

ಅವನು ಬೆಂಚಿನಲ್ಲಿ ಕೂತದ್ದೇ ತಡ, ಬೆನ್ನಿಗೆ ಊರುಗೋಲು ತಿವಿಯಿತು.

"ಹಿಲ್ಡಮ್ಮಾ! ನೀವು ಆ ಕಡೆ ಕೂರಬೇಕಲ್ವಾ?"

"ನಾನು ಎಪ್ಪತ್ತು ವರ್ಷದಿಂದ ಇಲ್ಲೇ ಕೂತಿರೋದು. ಮುಂದೆ ನೋಡು."

ಈ ವಯಸ್ಸಿನಲ್ಲಿ ಹೊಸ ಜಾಗ ಒಗ್ಗುವುದಿಲ್ಲ ಪಾಪ ಎಂದುಕೊಂಡ ವೆಂಡಲ್. ಎದುರಿನ ಮೆಟ್ಟಿಲುಗಳಲ್ಲಿ, ಮೆಥಡಿಸ್ಟ್ ಹೆಂಗಸರ ನಡುವೆ ಮಾರ್ವಾ ಕೂತದ್ದೂ ಕಂಡಿತು. ಪೈಗಳನ್ನು ಒಪ್ಪಿಸಲು ಹೋಗಿರಬೇಕು. ಇದನ್ನೂ ಅವನು ಹೆಚ್ಚು ಯೋಚಿಸಲಿಲ್ಲ. ಆಟ ಶುರುವಾಗಿತ್ತು.

ಕ್ಲೇಟನ್ ಆಡಿದ ಆಟವನ್ನು ಎಲ್ಕ್ ಫೋರ್ಕ್ ಇಂದಿಗೂ ಮರೆತಿಲ್ಲ. ಜೋಳದ ಹೊಲದಲ್ಲಿ ದಾರಿ ಬಿಡಿಸಿಕೊಂಡು ನಡೆಯುವ ಹಾಗೆ ಅವನು ಹೋಫರ್ ಅವಳಿಗಳ ನಡುವೆ ನಡೆದುಹೋದ. ಲೂಥರನ್ನರ ಐವತ್ತೆಂಟು ಅಂಕದಲ್ಲಿ ನಲವತ್ತೊಂದು ಅವನವೇ. ಆದರೂ ಕೊನೆಯ ಕ್ಷಣಕ್ಕೆ ಎರಡೂ ತಂಡ ಐವತ್ತೆಂಟಕ್ಕೆ ಸಮ. ಹನ್ನೆರಡು ಸೆಕೆಂಡು ಉಳಿದಾಗ ಚೆಂಡು ಅದು ಹೇಗೋ ರೆಕ್ಸ್‌ನ ಕೈಗೆ ಬಂತು. ರೆಕ್ಸ್ ಗಾಬರಿಯಾದ. ಮೂರು ವರ್ಷದ ಅಭ್ಯಾಸ ಕೈಬಿಡಲಿಲ್ಲ. ಹೊಸ ತಂಡದಲ್ಲೂ ಅವನು ತನ್ನದೇ ಬುಟ್ಟಿಯತ್ತ ಓಡಿ, ಮೊದಲ ಸಲ ನೆಟ್ಟಗೆ ಗುರಿಯಿಟ್ಟು, ಚೆಂಡನ್ನು ಅದರೊಳಗೆ ಹಾಕಿದ.

ಐವತ್ತೆಂಟಕ್ಕೆ ಅರವತ್ತು. ಲೂಥರನ್ನರು ಗೆದ್ದರು.

ಒಳಾಂಗಣದ ಚಾವಣಿ ಹಾರಿಹೋಗುವಷ್ಟು ಗದ್ದಲ. ಪಾದ್ರಿ ಎಂಗಲ್ ಬೆಂಚಿನ ಮೇಲೆ ಹತ್ತಿ ಕುಣಿದರು. ಆಮೇಲೆ ಇಳಿದು ನೇರ ಮೆಥಡಿಸ್ಟ್ ಪಾದ್ರಿಯ ಬಳಿ ಹೋಗಿ ಹೆಗಲ ಮೇಲೆ ಕೈಯಿಟ್ಟು, "ಸೋಲಿನಲ್ಲೂ ದೇವರಿದ್ದಾನೆ," ಎಂದರು. ಜನ ವೆಂಡಲ್‌ನನ್ನು ಹೊತ್ತು ತಿರುಗಿದರು. 'ಕೋಚ್! ಕೋಚ್!' ಎಂಬ ಕೂಗಿನ ನಡುವೆ ಅವನು ಕೆಳಗೆ ನೋಡಿದಾಗ ಲೈಲ್‌ನ ಬೋಳು ನೆತ್ತಿ ಕಂಡಿತು. ಅಷ್ಟು ಸುಂದರವಾದ ದೃಶ್ಯವನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಊಟ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಆಲೂಗಡ್ಡೆಯ ಮುದ್ದೆಯ ಮೇಲೆ ಕೋಳಿ ಮತ್ತು ನೂಡಲ್ಸ್. ಎಲ್ಲರೂ ಹೊಟ್ಟೆಯಲ್ಲಿ ಒಂದು ಮೂಲೆ ಖಾಲಿ ಬಿಟ್ಟುಕೊಂಡು ಸಿಹಿಗೆ ಕಾದರು. ಹದಿನಾಲ್ಕು ಪೈ ಬಂದವು. ಹದಿನಾಲ್ಕೂ ಮೆಥಡಿಸ್ಟರ ಮೇಜಿನ ಮೇಲೆ ಕೂತವು. ಲೂಥರನ್ನರ ಮೇಜಿಗೆ ಡಬ್ಬಿಯ ಅನಾನಸ್ ಬಂತು. 'ಕೋಚ್' ಎಂಬ ಕೂಗು ಸ್ವಲ್ಪ ತಗ್ಗಿತು.

ಆಗ ಕ್ಲೇಟನ್ ಒಬ್ಬ ಹುಡುಗಿಯ ಕೈಹಿಡಿದು ಬಂದ. "ಕೋಚ್, ಇವಳು ರೊಸಾನ್. ಈಸ್ಟರ್ ಕಳೆದ ಮೇಲೆ ನಮ್ಮ ಮದುವೆ."

"ಬಹಳ ಸಂತೋಷ! ನಮ್ಮ ಚರ್ಚಿನಲ್ಲೇ ಜೋರಾಗಿ ಮಾಡೋಣ."

"ಇಲ್ಲ ಕೋಚ್, ಅವರು ಕ್ಯಾಥೊಲಿಕ್ಕರು. ನಾನೂ ಅಲ್ಲಿಗೇ ಸೇರ್ತಾ ಇದೀನಿ. ಮುಂದಿನ ವರ್ಷದಿಂದ ಅವರಿಗೇ ಆಡೋದು." ಕ್ಲೇಟನ್ ಮಗುವಿನ ಹಾಗೆ ನಕ್ಕ. "ಆರ್ಡಿತಮ್ಮಂಗೆ ಗೊತ್ತಿತ್ತಲ್ಲ. ನಾವು ಬರೀತಿದ್ದ ಕಾಗದದ ಲಕೋಟೆ ನೋಡೇ ಹೇಳಿದ್ರು."

ವೆಂಡಲ್ ಅನಾನಸ್ ನುಂಗಿದ. ಒಂದು ಸಂಜೆಯ ಕ್ಲೇಟನ್ನಿಗೆ ಮೂರು ಮನೆ, ಎರಡು ಕೂಸು. ಇರಲಿ. ಗೆದ್ದದ್ದು ಗೆದ್ದದ್ದೇ. ತಂಡ ತನ್ನದೇ. ಎಲ್ಲಕ್ಕಿಂತ ಮುಖ್ಯವಾಗಿ, ಇವತ್ತು ತಟ್ಟೆ ಬೇರೆಯವರದು. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಆರ್ಡಿತಮ್ಮಾ, ಏಪ್ರನ್ ಎಲ್ಲಿ? ಯಾರ್ರೀ ನಿಮ್ಮ ಕಡೆಯಿಂದ ತೊಳೆಯೋರು?"

ಆರ್ಡಿತ್ ಪೈಯ ಕೊನೆಯ ತುಣುಕನ್ನು ನಿಧಾನವಾಗಿ ಬಾಯಿಗಿಟ್ಟುಕೊಂಡಳು. "ನಮ್ಮ ಪದ್ಧತಿ ಹಳೇದು ಕಣಪ್ಪ. ನಾವು ಸೋತಾಗ ತೊಳೆಯೋದು ಚರ್ಚಿಗೆ ಎಲ್ಲರಿಗಿಂತ ಹೊಸದಾಗಿ ಸೇರಿದ ಮನೆಯ ಯಜಮಾನ."

"ಅಂದ್ರೆ ಹೋಫರ್? ರೆಕ್ಸ್?"

"ಅವರಿಬ್ಬರ ಒಪ್ಪಿಗೆ ಹತ್ತೂವರೆಗೇ ಬಂತು. ಕೊನೇ ಮನೆಯವರು ಹನ್ನೊಂದೂಮುಕ್ಕಾಲಿಗೆ ಫೋನ್ ಮಾಡಿದ್ದು. ಪೈ ಮಾಡೋರು."

ವೆಂಡಲ್ ನಕ್ಕ. "ಹಿಲ್ಡಮ್ಮನ ಕೈಲಿ ತಟ್ಟೆ ತೊಳೆಸ್ತೀರಾ? ಎಂಬತ್ತನಾಲ್ಕು ವರ್ಷ ಆಕೆಗೆ!"

ಹಿಂದಿನಿಂದ ಊರುಗೋಲು ತಿವಿಯಿತು. ಹಿಲ್ಡಾ ತನ್ನ ಎರಡು ಕೈಗಳನ್ನೂ ಅವನ ಮುಖದ ಮುಂದೆ ಹಿಡಿದಳು. ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ನಡುಗುತ್ತಿದ್ದವು. "ಈ ಕೈಯಲ್ಲಿ ಪೈಯ ಅಂಚು ಮಡಚೋಕಾಗುತ್ತೇನೋ ಮಂಕೇ? ಆರು ವರ್ಷ ಆಯ್ತು ನಾನು ಹಿಟ್ಟು ಮುಟ್ಟಿ. ಪ್ರತಿ ಶುಕ್ರವಾರ ನನ್ನ ಅಡುಗೆಮನೇಲಿ ನಿಂತು ಮಾಡ್ತಿರೋಳು ನಿನ್ನ ಹೆಂಡ್ತಿ. ನನ್ನ ಹೆಸರು ಉಳೀಲಿ ಅಂತ ಬಾಯಿ ಬಿಡ್ಲಿಲ್ಲ, ಪುಣ್ಯಾತ್ಗಿತ್ತಿ."

ವೆಂಡಲ್ ನಿಧಾನವಾಗಿ ಮಾರ್ವಾಳ ಕಡೆ ತಿರುಗಿದ. ಜಾಯಿಕಾಯಿ ವಾಸನೆಯ ಮುಲಾಮು ಪ್ರಪಂಚದಲ್ಲಿ ಎಲ್ಲೂ ಇಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

"ನೀನು ಒಪ್ಪಿದೆಯಾ?"

"ನೀನೇ ಸಹಿ ಹಾಕಿದೀಯ, ನಾನು ಬೇಡ ಅನ್ನಕ್ಕಾಗುತ್ತಾ?" ಎಂದಳು ಮಾರ್ವಾ. "ಅಲ್ಲದೆ ಅವರ ಅಡುಗೆಮನೇಲಿ ಎರಡು ಓವನ್ ಇದೆ."

"ಹಾಗಾದ್ರೆ ನಾನು... ಮಧ್ಯಾಹ್ನದಿಂದ ಮೆಥಡಿಸ್ಟಾ? ಮತ್ತೆ ಲೂಥರನ್ ತಂಡಾನ ಗೆಲ್ಲಿಸಿದ್ದು?"

"ಅದು ಊರ್ಜಿತ," ಎಂದಳು ಆರ್ಡಿತ್, ಕಾ‌ರ್ಯದರ್ಶಿಯ ದನಿಯಲ್ಲಿ. "ನಿಯಮ ಇರೋದು ಆಟಗಾರರಿಗೆ. ಕೋಚ್ ಯಾರಿಗೆ ಬೇಕಾದ್ರೂ ಬುದ್ಧಿ ಹೇಳ್ಬಹುದು. ನೀನು ನಮ್ಮನ್ನ ಸೋಲಿಸ್ದೆ, ನಮಗೆ ಬೇಜಾರಿಲ್ಲ."

ಲೈಲ್ ಆಗಲೇ ಗೆಲುವಿನ ಕಪ್ಪನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. "ಬೇರೆ ಚರ್ಚಿನವರ ಕೈಲಿ ತಂಡ ಇರೋದು ಚೆನ್ನಾಗಿರಲ್ಲ ಭಾವ. ಸಮಿತಿಯವರೂ ಅದೇ ಅಂದ್ರು, ಈಗ ತಾನೇ. ಇದನ್ನ ನಾನು ನೋಡ್ಕೋತೀನಿ."

ಆರ್ಡಿತ್ ಚೀಲದಿಂದ ಹಳದಿ ಏಪ್ರನ್ ತೆಗೆದು ಕೊಡವಿದಳು. ಹನ್ನೊಂದು ಸಾಲಿನ ಕೆಳಗೆ ಹನ್ನೆರಡನೆಯದು, ೧೯೮೭, ವೆಂಡಲ್ ಸ್ಟಕಿ, ಕೆಂಪು ದಾರದಲ್ಲಿ ನೀಟಾಗಿ ಮುಗಿದಿತ್ತು. ಉಳಿದ ಎಲ್ಲ ಸಾಲಿಗಿಂತ ಅಕ್ಷರ ಚೆನ್ನಾಗಿತ್ತು.

"ಇದನ್ನ ಯಾವಾಗ ಹೊಲಿದ್ರಿ?"

"ಮಧ್ಯಾಹ್ನ. ಕ್ಲೇಟನ್‌ನ ಕೊಟ್ಟ ಮೇಲೆ ನಾವು ಸೋಲೋದು ಖಚಿತ ಅಲ್ವಾ? ಕೊನೇ ಗಳಿಗೇಲಿ ಆತುರವಾಗಿ ಹೊಲಿದ್ರೆ ಚೆನ್ನಾಗಿ ಬರಲ್ಲ."

ಹತ್ತು ನಿಮಿಷದ ಮೇಲೆ ವೆಂಡಲ್ ಹನ್ನೊಂದು ವರ್ಷದಿಂದ ಕಂಡ ನೊರೆಯಲ್ಲೇ ಮೊಣಕೈವರೆಗೆ ಮುಳುಗಿದ್ದ. ಈ ಸಲ ಒಂದು ವ್ಯತ್ಯಾಸವಿತ್ತು: ತಟ್ಟೆಗಳು ಅವನ ಸ್ವಂತ ಗೆಲುವಿನ ಊಟದವು. ಮಾರ್ವಾ ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು. ತೊಟ್ಟಿಯ ಅಂಚಿನಲ್ಲಿ ಅವನಿಗೆಂದು ಒಂದು ತುಂಡು ಪೈ ಎತ್ತಿಟ್ಟಿದ್ದಳು. ಅವನು ಒದ್ದೆ ಕೈಯಲ್ಲೇ ಅದನ್ನು ಎತ್ತಿ ಕಚ್ಚಿದ. ಆರು ವರ್ಷದಿಂದ ಹೊಗಳುತ್ತ ಬಂದ ರುಚಿ ಅದು, ಬೇರೆಯವರ ಹೆಸರಿನಲ್ಲಿ.

"ಚೆನ್ನಾಗಿದೆ ಕಣೇ," ಎಂದ, ಬಾಯಿ ತುಂಬ.

ಮಾರ್ವಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಡಿಸುವ ಕಿಂಡಿಯಿಂದ ಒಂದು ಊರುಗೋಲು ಒಳಗೆ ತೂರಿಬಂದು, ಹಳದಿ ಏಪ್ರನ್ನಿನ ಗಂಟಿನ ಮೇಲೆ, ಸರಿಯಾಗಿ ಹಳೆಯ ಜಾಗದಲ್ಲೇ ತಿವಿಯಿತು.

"ಏಯ್ ಮೆಥಡಿಸ್ಟಾ, ಮಾತು ಸಾಕು. ತಟ್ಟೆ ಹಿಂಭಾಗಾನೂ ಉಜ್ಜು."